ಮಳೆಗಾಲಕ್ಕೆ ಮೊದಲು ಪ್ಯಾಡಿನ ಹಲ್ಲು ನೋಡಿ

ಬೈಕಿನ ಮುಂದಿನ ಬ್ರೇಕ್ ಪ್ಯಾಡ್ ಕೇಳಿಕೊಂಡು ಸ್ಪೇರ್ ಪಾರ್ಟ್ಸ್ ಅಂಗಡಿಗೆ ಹೋದರೆ ಹುಡುಗ ಕೇಳುವುದು ಒಂದೇ ಪ್ರಶ್ನೆ. "ಒರಿಜಿನಲ್ ಕೊಡ್ಲಾ ಸಾರ್, ಲೋಕಲ್ ಸಾಕಾ?" ನಾವು ತಿರುಗಿ ಕೇಳುವುದೂ ಒಂದೇ. "ಎರಡಕ್ಕೂ ಎಷ್ಟು ಫರಕು?" ಇನ್ನೂರು ರೂಪಾಯಿ ಉಳಿಯುತ್ತದೆ ಎಂದರೆ ಲೋಕಲ್ಲೇ ಕೊಡು ಎಂದುಬಿಡುತ್ತೇವೆ. ಇನ್ನೂ ಹೆಚ್ಚಿನವರು ಅಂಗಡಿಗೂ ಹೋಗುವುದಿಲ್ಲ. ಬೈಕನ್ನು ಗ್ಯಾರೇಜಿನಲ್ಲಿ ಬಿಟ್ಟು ಬಂದಿರುತ್ತಾರೆ, ಸಂಜೆ ಹೋದಾಗ ಬಿಲ್ಲಿನಲ್ಲಿ "ಫ್ರಂಟ್ ಪ್ಯಾಡ್ 1 ಸೆಟ್" ಎಂದು ಬರೆದಿರುತ್ತದೆ. ಯಾವ ಪ್ಯಾಡ್, ಯಾರು ಮಾಡಿದ್ದು, ಎಂಥ ಮಾಲು, ಯಾರಿಗೂ ಗೊತ್ತಿರುವುದಿಲ್ಲ. ಅಕ್ಕಿಯಾದರೆ ನಾಲ್ಕು ಕಾಳು ಅಂಗೈಗೆ ಹಾಕಿಕೊಂಡು ನೋಡುವವರು, ಅಡಿಕೆಯಾದರೆ ಒಡೆದು ನೋಡುವವರು, ಹೆಂಡತಿ ಮಕ್ಕಳನ್ನು ಹಿಂದೆ ಕೂರಿಸಿಕೊಂಡು ಘಾಟಿ ಇಳಿಯುವ ಬೈಕನ್ನು ನಿಲ್ಲಿಸುವ ವಸ್ತುವನ್ನು ಮಾತ್ರ ಕಣ್ಣಿಂದಲೂ ನೋಡುವುದಿಲ್ಲ. ಇದು ಬದಲಾಗಬೇಕು. ಪ್ಯಾಡನ್ನು ಆರಿಸಬೇಕಾದವನು ಬೈಕ್ ಓಡಿಸುವವನೇ, ಗ್ಯಾರೇಜಿನವನಲ್ಲ.

ನಾನು ತೀರ್ಥಹಳ್ಳಿ ತಾಲ್ಲೂಕಿನಲ್ಲಿ ಪಶುವೈದ್ಯಕೀಯ ಪರೀಕ್ಷಕ. ಊರವರ ಬಾಯಲ್ಲಿ ದನದ ಡಾಕ್ಟ್ರು. ದಿನಕ್ಕೆ ಐವತ್ತು ಅರವತ್ತು ಕಿಲೋಮೀಟರ್ ಬೈಕ್ ಓಡಿಸಿದರೇ ನನ್ನ ಕೆಲಸ ನಡೆಯುವುದು. ಹಿಂದಿನ ಸೀಟಿಗೆ ಕೃತಕ ಗರ್ಭಧಾರಣೆಯ ನೈಟ್ರೋಜನ್ ಕ್ಯಾನ್ ಕಟ್ಟಿರುತ್ತೇನೆ, ಒಳಗೆ ಮೈನಸ್ 196 ಡಿಗ್ರಿಯ ದ್ರವ. ಟ್ಯಾಂಕಿನ ಮೇಲೆ ಔಷಧಿಯ ಚೀಲ. ರಸ್ತೆ ಅರ್ಧ ಡಾಂಬರು, ಅರ್ಧ ಜಂಬಿಟ್ಟಿಗೆ ಮಣ್ಣು. ಮಳೆ ಹಿಡಿದರೆ ಆ ಮಣ್ಣು ಕೆಂಪು ರಾಡಿಯಾಗಿ ಚಕ್ರ, ಡಿಸ್ಕು, ಕ್ಯಾಲಿಪರ್ ಎಲ್ಲಕ್ಕೂ ಮೆತ್ತಿಕೊಳ್ಳುತ್ತದೆ. ಬೈಕ್ 2014ರಲ್ಲಿ ಕೊಂಡ 150 ಸಿಸಿಯದು. ಮುಂದೆ ಡಿಸ್ಕ್, ಹಿಂದೆ ಡ್ರಮ್, ಎಬಿಎಸ್ ಇಲ್ಲ.

2022ರ ಜುಲೈಯಲ್ಲಿ ಒಂದು ಶನಿವಾರ ಮಗಳನ್ನು ಉಡುಪಿಯ ಹಾಸ್ಟೆಲ್ಲಿನಿಂದ ಕರೆತರಲು ಆಗುಂಬೆ ಘಾಟಿ ಇಳಿಯುತ್ತಿದ್ದೆ. ಅದರ ಹಿಂದಿನ ವಾರವಷ್ಟೇ ಗ್ಯಾರೇಜೊಂದರಲ್ಲಿ ಸರ್ವಿಸ್ ಮಾಡಿಸಿ ಮುಂದಿನ ಪ್ಯಾಡ್ ಹೊಸದು ಹಾಕಿಸಿದ್ದೆ. ಘಾಟಿಯಲ್ಲಿ ಹದಿನಾಲ್ಕು ಹೇರ್‌ಪಿನ್ ತಿರುವು. ಮಂಜು ಮುಸುಕಿ, ಮಳೆ ಓರೆಯಾಗಿ ಹೊಡೆಯುತ್ತಿತ್ತು. ಮೇಲಿನ ಕೆಲವು ತಿರುವುಗಳಲ್ಲಿ ಬ್ರೇಕ್ ಸರಿಯಾಗಿಯೇ ಹಿಡಿಯಿತು. ಅರ್ಧ ಇಳಿದಾದ ಮೇಲೆ ಒಂದು ತಿರುವಿನಲ್ಲಿ ಕೆಳಗಿನಿಂದ ಮಿನಿ ಬಸ್ಸು ಬಂತು. ಲಿವರ್ ಒತ್ತಿದೆ. ಕೈಗೆ ಲಿವರ್ ಗಟ್ಟಿಯಾಗಿಯೇ ಸಿಕ್ಕಿತು, ಆದರೆ ಬೈಕ್ ನಿಧಾನವಾಗಲಿಲ್ಲ. ಹಲಗೆಯ ಮೇಲೆ ಸೋಪು ಜಾರಿದ ಹಾಗೆ ಡಿಸ್ಕಿನ ಮೇಲೆ ಪ್ಯಾಡ್ ಜಾರುತ್ತಿತ್ತು. ಹಿಂದಿನ ಬ್ರೇಕ್ ತುಳಿದೆ, ಚಕ್ರ ಎಳೆದುಕೊಂಡು ಹೋಯಿತು. ಬಸ್ಸಿನ ಡ್ರೈವರ್ ನನ್ನ ಸ್ಥಿತಿ ಅರಿತು ನಿಲ್ಲಿಸಿದ್ದರಿಂದ ಮುಂದಿನ ಚಕ್ರ ತಡೆಗೋಡೆಗೆ ಒರಗಿ ನಿಂತಿತು. ನಾನು ಒಬ್ಬನೇ ಇದ್ದೆ. ಮಗಳು ಹಿಂದೆ ಕೂರಬೇಕಾಗಿದ್ದದ್ದು ವಾಪಸು ಬರುವಾಗ. ಅವಳನ್ನು ಆ ದಿನ ಬಸ್ಸಿನಲ್ಲಿ ಕಳಿಸಿದೆ.

ಮನೆಗೆ ಬಂದು ಪ್ಯಾಡ್ ಬಿಚ್ಚಿ ನೋಡಿದೆ. ಏಳು ದಿನದ ಪ್ಯಾಡ್. ಮುಖ ಕಪ್ಪು ಗಾಜಿನಂತೆ ಹೊಳೆಯುತ್ತಿತ್ತು. ಉಗುರಿನಿಂದ ಕೆರೆದರೆ ಅಂಚು ಪುಡಿಪುಡಿ. ಇನ್ನೊಂದು ಪ್ಯಾಡಿನಲ್ಲಿ ಕಬ್ಬಿಣದ ತಗಡಿಗೂ ಅಂಟಿಸಿದ ಮಾಲಿಗೂ ನಡುವೆ ಕೂದಲೆಳೆಯಷ್ಟು ಬಿರುಕು. ಇನ್ನೆರಡು ಘಾಟಿ ಇಳಿದಿದ್ದರೆ ಆ ಮಾಲು ತಗಡಿನಿಂದ ಕಿತ್ತು ಬರುತ್ತಿತ್ತೋ ಏನೋ. ತಗಡಿನ ಮೇಲೆ ಹೆಸರಿಲ್ಲ, ನಂಬರಿಲ್ಲ, ಒಂದು ಅಕ್ಷರವೂ ಇಲ್ಲ.

ತಪ್ಪು ಪ್ಯಾಡಿನದು ಮಾತ್ರ ಅಲ್ಲ, ನನ್ನದೂ ಇತ್ತು. ಮೂರನೇ ಗೇರಿನಲ್ಲಿ ಬಿಟ್ಟುಕೊಂಡು, ಉದ್ದಕ್ಕೂ ಮುಂದಿನ ಬ್ರೇಕನ್ನು ಸ್ವಲ್ಪ ಸ್ವಲ್ಪ ಹಿಡಿದೇ ಇಳಿದಿದ್ದೆ. ಬೆಟ್ಟ ಇಳಿಯುವಾಗ ಕಳೆದುಕೊಳ್ಳುವ ಎತ್ತರವೆಲ್ಲ ಎಲ್ಲಾದರೂ ಕಾವಾಗಿ ಹೋಗಲೇಬೇಕು. ಎರಡನೇ ಗೇರಿನಲ್ಲಿ ಇಳಿದರೆ ಅದರ ಬಹುಪಾಲು ಎಂಜಿನ್ನಿಗೆ ಹೋಗುತ್ತದೆ, ಇಲ್ಲವಾದರೆ ಎಲ್ಲವೂ ಬೆರಳು ದಪ್ಪವೂ ಇಲ್ಲದ ಆ ಡಿಸ್ಕಿಗೆ. ಪ್ಯಾಡಿನೊಳಗಿನ ಅಂಟು ಕಾಯ್ದು ಮೇಲಕ್ಕೆ ಬಂದು ಮುಖದ ಮೇಲೆ ನುಣುಪಾಗಿ ಹರಡಿಕೊಳ್ಳುತ್ತದೆ. ಆಮೇಲೆ ಎಷ್ಟು ಒತ್ತಿದರೂ ಹಿಡಿತವಿಲ್ಲ. ಒಳ್ಳೆಯ ಪ್ಯಾಡ್ ಇಂಥ ಕಾವನ್ನು ಬಹಳ ಹೊತ್ತು ತಾಳುತ್ತದೆ. ನನಗೆ ಸಿಕ್ಕಿದ್ದು ಅರ್ಧ ಘಾಟಿಯನ್ನೂ ತಾಳಲಿಲ್ಲ.

ಆ ವರ್ಷದಿಂದ ಈ ವಿಷಯವನ್ನು ಕೆದಕುತ್ತಾ ಬಂದಿದ್ದೇನೆ. ತಿಳಿದದ್ದನ್ನು ಹೇಳುತ್ತೇನೆ.

ಮೊದಲು, ಮುಂದಿನ ಬ್ರೇಕಿನ ಬಗ್ಗೆ ನಮ್ಮಲ್ಲಿರುವ ಹೆದರಿಕೆ. ಅಪ್ಪನ ಹತ್ತಿರ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಯೆಜ್ಡಿ ಇತ್ತು, ಎರಡೂ ಕಡೆ ಡ್ರಮ್. "ಮುಂದಿಂದು ಮುಟ್ಬೇಡ, ಮುಗ್ಗರಿಸ್ತೀಯ" ಎಂದೇ ಅವರು ನನಗೆ ಬೈಕ್ ಕಲಿಸಿದ್ದು. ಹಳ್ಳಿಗಳಲ್ಲಿ ಇವತ್ತಿಗೂ ಅದೇ ಪಾಠ. ಆದರೆ ಬ್ರೇಕ್ ಹಾಕಿದಾಗ ಬೈಕಿನ ಭಾರ ಮುಂದಕ್ಕೆ ಬರುತ್ತದೆ, ಹಿಂದಿನ ಚಕ್ರ ಹಗುರವಾಗುತ್ತದೆ. ಹಗುರವಾದ ಚಕ್ರಕ್ಕೆ ಎಷ್ಟು ಬ್ರೇಕ್ ಹಾಕಿದರೇನು, ಜಾರುತ್ತದೆ ಅಷ್ಟೆ. ನಿಲ್ಲಿಸುವ ಶಕ್ತಿಯ ಮೂರರಲ್ಲಿ ಎರಡು ಪಾಲಿಗೂ ಹೆಚ್ಚು ಮುಂದಿನಿಂದಲೇ ಬರಬೇಕು. ಮುಂದಿನ ಬ್ರೇಕಿಗೆ ಹೆದರುವ ಊರಿನಲ್ಲಿ ಮುಂದಿನ ಪ್ಯಾಡನ್ನು ಯಾರೂ ವಿಚಾರಿಸುವುದಿಲ್ಲ. ಸವೆದು ತಗಡು ಡಿಸ್ಕನ್ನು ಗರಗರ ಕೆರೆಯುವವರೆಗೆ ಓಡಿಸುತ್ತಾರೆ.

"ಹೊಸ ಬೈಕಿಗೆ ಎಬಿಎಸ್ ಇದೆಯಲ್ಲ" ಎನ್ನುವವರಿದ್ದಾರೆ. 125 ಸಿಸಿ ಮೀರಿದ ಬೈಕುಗಳಿಗೆ, ಹೊಸ ಮಾದರಿಯಾದರೆ 2018ರ ಏಪ್ರಿಲ್ 1ರಿಂದ, ಮೊದಲೇ ಮಾರುಕಟ್ಟೆಯಲ್ಲಿದ್ದ ಮಾದರಿಯಾದರೆ 2019ರ ಏಪ್ರಿಲ್ 1ರಿಂದ ಎಬಿಎಸ್ ಕಡ್ಡಾಯವಾಯಿತು. ಒಳ್ಳೆಯ ಕಾನೂನು, ಎಷ್ಟೋ ಜೀವ ಉಳಿಸಿರುತ್ತದೆ. ಆದರೆ ಎಬಿಎಸ್ ಮಾಡುವುದು ಚಕ್ರ ಪೂರ್ತಿ ನಿಂತು ಜಾರದಂತೆ ನೋಡಿಕೊಳ್ಳುವ ಕೆಲಸ. ಹಿಡಿತವನ್ನು ಅದು ಹುಟ್ಟಿಸುವುದಿಲ್ಲ. ಪ್ಯಾಡ್ ಡಿಸ್ಕನ್ನು ಕಚ್ಚದಿದ್ದರೆ ಎಬಿಎಸ್‌ಗೆ ಅಲ್ಲಿ ಕೆಲಸವೇ ಇಲ್ಲ.

ಇನ್ನು ಮಾಲು. ಒರಿಜಿನಲ್, ಲೋಕಲ್ ಎನ್ನುವುದಕ್ಕಿಂತ ಮೊದಲು ಕೇಳಬೇಕಾದ್ದು ಇದನ್ನು: ಪ್ಯಾಡ್ ಯಾವುದರಿಂದ ಮಾಡಿದ್ದು? ಆರ್ಗ್ಯಾನಿಕ್ ಎನ್ನುವ ಜಾತಿಯಲ್ಲಿ ನಾರು, ರಬ್ಬರು ಮುಂತಾದವನ್ನು ರಾಳದಲ್ಲಿ ಕಲಸಿ ಒತ್ತಿರುತ್ತಾರೆ. ಮೆತ್ತಗೆ ಹಿಡಿಯುತ್ತದೆ, ಸದ್ದಿಲ್ಲ, ಡಿಸ್ಕನ್ನು ಸವೆಸುವುದಿಲ್ಲ. ಬಯಲುಸೀಮೆಯ ಪಟ್ಟಣದಲ್ಲಿ ಆಫೀಸಿಗೆ ಹೋಗಿ ಬರುವವರಿಗೆ ಧಾರಾಳವಾಗಿ ಸಾಕು. ಕಾವಿಗೆ, ನೀರಿಗೆ ಸೋಲುವುದೂ ಬೇಗ ಸವೆಯುವುದೂ ಅದೇ. ಸಿಂಟರ್ಡ್ ಎನ್ನುವುದು ತಾಮ್ರ ಮೊದಲಾದ ಲೋಹದ ಪುಡಿಯನ್ನು ಒತ್ತಿ, ಕುಲುಮೆಯ ಕಾವಿನಲ್ಲಿ ಬೆಸೆದದ್ದು. ಮಳೆಯಲ್ಲಿ ಇದಕ್ಕೆ ಸಮನಿಲ್ಲ. ಒದ್ದೆ ಡಿಸ್ಕಿನ ಮೇಲಿನ ನೀರಿನ ಪೊರೆಯನ್ನು ಒರೆಸಿ ಕಚ್ಚುವುದಕ್ಕೆ ಸಾಧಾರಣ ಪ್ಯಾಡ್ ಅರ್ಧ ಸೆಕೆಂಡು ತೆಗೆದುಕೊಂಡಿತು ಎನ್ನಿ, ಗಂಟೆಗೆ 40 ಕಿಲೋಮೀಟರ್ ವೇಗದಲ್ಲಿ ಅಷ್ಟರೊಳಗೆ ಬೈಕ್ ಐದೂವರೆ ಮೀಟರ್ ಮುಂದೆ ಹೋಗಿರುತ್ತದೆ. ನಮ್ಮ ಕಡೆಯ ರಸ್ತೆಯ ಅಗಲವೇ ಅಷ್ಟು. ಇವೆರಡರ ನಡುವೆ ಸೆಮಿ ಮೆಟಾಲಿಕ್: ರಾಳದೊಳಗೆ ಉಕ್ಕಿನದೋ ಬೇರೆ ಲೋಹದ್ದೋ ಎಳೆ ಸೇರಿಸಿದ್ದು.

ಹಾಗಾದರೆ ಮಲೆನಾಡಿನವರೆಲ್ಲ ಸಿಂಟರ್ಡ್ ಹಾಕಿಸಿಕೊಳ್ಳಬೇಕೇ? ನಾನೂ ಹಾಗೇ ಅಂದುಕೊಂಡಿದ್ದೆ. ಕೊಪ್ಪದ ಕಡೆ ಕೆಲಸ ಮಾಡುವ ನನ್ನ ಸಹೋದ್ಯೋಗಿಯೊಬ್ಬರು ಬೆಂಗಳೂರಿನ ಜೆ.ಸಿ. ರಸ್ತೆಯಿಂದ ತಮ್ಮ 150 ಸಿಸಿ ಬೈಕಿಗೆ ಸಿಂಟರ್ಡ್ ಪ್ಯಾಡ್ ತರಿಸಿ ಹಾಕಿದರು. ಮೊದಲ ಮಳೆಗಾಲ ಬಹಳ ಹೊಗಳಿದರು. ಎರಡನೇ ಮಳೆಗಾಲದ ಹೊತ್ತಿಗೆ ಡಿಸ್ಕಿನ ಮೇಲೆ ಗ್ರಾಮಾಫೋನ್ ತಟ್ಟೆಯಂತೆ ಗೆರೆ ಬಿದ್ದಿತ್ತು. ಡಿಸ್ಕಿನ ಮೇಲೆ "ಮಿನಿಮಮ್" ಎಂದು ದಪ್ಪದ ಲೆಕ್ಕ ಕೊರೆದಿರುತ್ತದಲ್ಲ, ಅಳೆದರೆ ಅದಕ್ಕೂ ಕೆಳಗೆ ಹೋಗಿತ್ತು. ಹೊಸ ಡಿಸ್ಕಿಗೆ ಪ್ಯಾಡಿನ ನಾಲ್ಕರಷ್ಟು ದುಡ್ಡಾಯಿತು. ದೊಡ್ಡ ಬೈಕುಗಳಿಗೆ ಕಂಪನಿಯೇ ಸಿಂಟರ್ಡ್ ಹಾಕಿ ಕಳಿಸುವುದುಂಟು. ಅಲ್ಲಿ ಡಿಸ್ಕನ್ನೂ ಅದಕ್ಕೆ ಹೊಂದುವಂತೆಯೇ ಮಾಡಿರುತ್ತಾರೆ. ಮೆತ್ತನೆಯ ಪ್ಯಾಡಿಗೆಂದು ಮಾಡಿದ ಡಿಸ್ಕಿನ ಮೇಲೆ ಲೋಹದ ಪ್ಯಾಡ್ ತಂದು ಕೂರಿಸಿದರೆ ಡಿಸ್ಕೇ ಸವೆಯುತ್ತದೆ. ನಿಮ್ಮ ಬೈಕಿಗೆ ಮೊದಲಿಂದ ಬಂದಿದ್ದ ಮಾಲು ಯಾವುದು ಎಂದು ತಿಳಿದುಕೊಂಡು ಅಲ್ಲಿಂದ ಯೋಚನೆ ಶುರು ಮಾಡಬೇಕು. ನಾನು ಸೆಮಿ ಮೆಟಾಲಿಕ್‌ಗೆ ನಿಂತೆ. ಭಾರ ಹೊತ್ತು, ಕೆಸರಿನಲ್ಲಿ, ಏರು ಇಳಿಜಾರಿನಲ್ಲಿ ಓಡುವ ಈ ಸಣ್ಣ ಬೈಕಿಗೆ ಅದು ಸರಿ ಎಂಬುದು ಮೂರು ಮಳೆಗಾಲದ ನನ್ನ ಅನುಭವ.

ಕೆಲವು ಪ್ಯಾಡುಗಳ ಬೆನ್ನ ತಗಡಿನ ಮೇಲೆ ಉದ್ದದ ಸಂಖ್ಯೆಯೊಂದರ ಕೊನೆಗೆ ಎರಡು ಇಂಗ್ಲಿಷ್ ಅಕ್ಷರ ಇರುತ್ತದೆ: ಎಫ್‌ಎಫ್, ಜಿಜಿ, ಎಚ್‌ಎಚ್ ಹೀಗೆ. ಇದು ಅಮೆರಿಕದ ವಾಹನ ಎಂಜಿನಿಯರುಗಳ ಸಂಘ ಮಾಡಿದ ಕ್ರಮ. ಮೊದಲ ಅಕ್ಷರ ಸಾಧಾರಣ ಕಾವಿನಲ್ಲಿ ಪ್ಯಾಡಿನ ಹಿಡಿತ ಎಷ್ಟು ಎಂದು ಹೇಳುತ್ತದೆ, ಎರಡನೆಯದು ಚೆನ್ನಾಗಿ ಕಾದಾಗ ಎಷ್ಟು ಎಂದು. ಘರ್ಷಣೆಯ ಅಳತೆಯಲ್ಲಿ ಎಫ್ ಎಂದರೆ 0.35ರಿಂದ 0.45, ಜಿ ಎಂದರೆ 0.45ರಿಂದ 0.55, ಎಚ್ ಎಂದರೆ ಅದಕ್ಕೂ ಮೇಲೆ. ಘಾಟಿಯವರು ನೋಡಬೇಕಾದ್ದು ಎರಡನೇ ಅಕ್ಷರವನ್ನು. ಮೊದಲನೆಯದಕ್ಕಿಂತ ಅದು ಕೆಳಗಿದ್ದರೆ, ಕಾದಂತೆಲ್ಲ ಕೈಕೊಡುವ ಪ್ಯಾಡ್ ಅದು ಎಂದು ತಗಡೇ ಹೇಳುತ್ತಿದೆ. ಎಷ್ಟು ಬಾಳಿಕೆ, ನೀರಿನಲ್ಲಿ ಹೇಗೆ ಎನ್ನುವುದನ್ನು ಈ ಅಕ್ಷರಗಳು ಹೇಳುವುದಿಲ್ಲ. ಆದರೂ ಅಕ್ಷರವೇ ಇಲ್ಲದ ತಗಡಿಗಿಂತ ಅಕ್ಷರ ಇರುವ ತಗಡು ಮೇಲು. ಮಾಡಿದವನು ಅಳೆದು ನೋಡಿದ್ದಾನೆ ಎಂದಾದರೂ ಗೊತ್ತಾಗುತ್ತದೆ.

ಬೈಕ್ ಕಂಪನಿಯ ಡಬ್ಬಿಯಲ್ಲಿ ಬಂದದ್ದೇ ಆಗಬೇಕೆಂದು ನಾನು ಹೇಳುವುದಿಲ್ಲ. ಬೈಕ್ ಕಂಪನಿಗಳು ಸಾಮಾನ್ಯವಾಗಿ ಪ್ಯಾಡನ್ನು ತಾವೇ ಮಾಡುವುದಿಲ್ಲ, ಅದನ್ನೇ ಕಸುಬಾಗಿ ಮಾಡುವವರಿಂದ ಕೊಳ್ಳುತ್ತವೆ. ಆ ತಯಾರಕರೇ ತಮ್ಮ ಹೆಸರಿನಲ್ಲಿ ಅಂಗಡಿಗೆ ಬಿಡುವ ಪ್ಯಾಡ್ ಕಡಿಮೆ ಬೆಲೆಗೆ ಸಿಗುವುದುಂಟು. ನಾನು ಈಗ ಹಾಕಿರುವುದು ಅಂಥದ್ದೇ, 420 ರೂಪಾಯಿ ಕೊಟ್ಟೆ. ಮೋಸ ಇರುವುದು ಕಂಪನಿಯ ಡಬ್ಬಿಯನ್ನೇ ಹೋಲುವ ಡಬ್ಬಿಯಲ್ಲಿ ಬರುವ ನಕಲಿ ಮಾಲಿನಲ್ಲಿ. ಡಬ್ಬಿಯನ್ನು ನಂಬಬೇಡಿ, ಪ್ಯಾಡನ್ನು ಹೊರಗೆ ತೆಗೆಸಿ ಬೆಳಕಿಗೆ ಹಿಡಿಯಿರಿ. ಅಂಚು ಉದುರುತ್ತಿದೆಯೇ, ತಗಡಿಗೂ ಮಾಲಿಗೂ ನಡುವೆ ಸಂದಿ ಕಾಣುತ್ತದೆಯೇ, ಜೋಡಿಯ ಎರಡಕ್ಕೂ ಒಂದೇ ಬಣ್ಣ, ಒಂದೇ ನಂಬರ್ ಇದೆಯೇ. ಅಂಗಡಿಯವನು ಮುಖ ಸಿಂಡರಿಸಿದರೆ ಸಿಂಡರಿಸಲಿ.

ಒಳ್ಳೆಯ ಪ್ಯಾಡನ್ನೂ ಒಂದೇ ದಿನದಲ್ಲಿ ಹಾಳು ಮಾಡುವ ಪದ್ಧತಿಯೊಂದು ನಮ್ಮಲ್ಲಿದೆ. ಅದೇ ವಾಟರ್ ಸರ್ವಿಸ್. ಬೈಕ್ ತೊಳೆದು ಆದ ಮೇಲೆ ತುಕ್ಕು ಹಿಡಿಯದಿರಲಿ ಎಂದು ಎಂಜಿನ್, ಚಾಸಿಸ್ಸಿಗೆಲ್ಲ ಡೀಸೆಲ್ಲಿಗೆ ಆಯಿಲ್ ಬೆರೆಸಿ ಗಾಳಿಯಲ್ಲಿ ಹೊಡೆಯುತ್ತಾರೆ. ಹಳೆಯ ಡ್ರಮ್ ಬ್ರೇಕಿಗೆ ಅದರಿಂದ ಅಷ್ಟು ತೊಂದರೆ ಇರಲಿಲ್ಲ, ಲೈನರ್ ಒಳಗೆ ಮುಚ್ಚಿಕೊಂಡಿರುತ್ತಿತ್ತು. ಡಿಸ್ಕ್ ಬಯಲಿನಲ್ಲಿದೆ. ಆ ಎಣ್ಣೆಯ ಹನಿ ಡಿಸ್ಕಿನ ಮೇಲೆ ಕೂತು ಪ್ಯಾಡಿನೊಳಗೆ ಇಂಗಿದರೆ ಪೂರ್ತಿ ತೆಗೆಯಲಾಗುವುದಿಲ್ಲ. ಉಪ್ಪು ಕಾಗದದಲ್ಲಿ ಉಜ್ಜಿದರೂ ಅಷ್ಟೆ, ಕಾದಾಗ ಎಣ್ಣೆ ಮತ್ತೆ ಮೇಲೆ ಬರುತ್ತದೆ. ತೊಳೆಯಲು ಬಿಡುವಾಗಲೇ ಹೇಳಿ, ಮುಂದಿನ ಚಕ್ರಕ್ಕೆ ಆಯಿಲ್ ಹೊಡೆಯಬೇಡ ಎಂದು. ಹೇಳಿದರೂ ಪಕ್ಕದಲ್ಲೇ ನಿಂತುಕೊಳ್ಳಿ. ಗಂಟಲು ಹರಿಯುವಷ್ಟು ಸಲ ನಾನು ಇದನ್ನು ಊರಿನ ಹುಡುಗರಿಗೆ ಹೇಳಿದ್ದೇನೆ.

ದನ ಕೊಳ್ಳುವಾಗ ಬಾಯಿ ಬಿಡಿಸಿ ಹಲ್ಲು ನೋಡುತ್ತೇವೆ. ವಯಸ್ಸು ಅಲ್ಲಿ ಬರೆದಿರುತ್ತದೆ, ಮಾರುವವನು ಏನೇ ಹೇಳಲಿ. ಪ್ಯಾಡಿಗೂ ಹಲ್ಲಿದೆ. ಅದರ ಮುಖದ ನಡುವೆ ಆಳವಾಗಿ ಕೊರೆದ ಗೆರೆಯೊಂದು ಇರುತ್ತದೆ, ಆ ಗೆರೆ ಮಾಸಿತೆಂದರೆ ಪ್ಯಾಡ್ ಮುಗಿಯಿತು. ಎರಡು ಪ್ಯಾಡನ್ನು ಅಕ್ಕಪಕ್ಕ ಇಟ್ಟು ನೋಡಿದರೆ ಇನ್ನೂ ಹೆಚ್ಚು ಓದಬಹುದು. ಒಂದು ದಪ್ಪ, ಒಂದು ತೆಳ್ಳಗೆ ಸವೆದಿದ್ದರೆ ಕ್ಯಾಲಿಪರ್ ಜಾರುವ ಪಿನ್ ಮಣ್ಣು, ತುಕ್ಕಿನಿಂದ ಕಚ್ಚಿಕೊಂಡಿದೆ ಎಂದರ್ಥ. ಅದನ್ನು ಬಿಡಿಸಿ, ಒರೆಸಿ, ಅದಕ್ಕೆಂದೇ ಇರುವ ಗ್ರೀಸ್ ಹಚ್ಚದೆ ಎಷ್ಟು ಒಳ್ಳೆಯ ಪ್ಯಾಡ್ ತಂದರೂ ವ್ಯರ್ಥ. ಕೆಂಪು ರಾಡಿಯ ಊರಿನಲ್ಲಿ ಇದೇ ಮುಖ್ಯ ಕಾಯಿಲೆ. ಪ್ಯಾಡ್ ಬದಲಿಸಿದ ದಿನವೇ ಬ್ರೇಕ್ ಆಯಿಲನ್ನೂ ನೋಡಬೇಕು. ಅದು ಗಾಳಿಯ ತೇವ ಹೀರಿಕೊಳ್ಳುತ್ತದೆ. ಡಾಟ್ 4 ಆಯಿಲ್ ಹೊಸದಿದ್ದಾಗ ಕಡಿಮೆಯೆಂದರೂ 230 ಡಿಗ್ರಿಯವರೆಗೆ ಕುದಿಯಬಾರದು, ನೀರು ಹೀರಿದ ಮೇಲೆ ಆ ಮಿತಿ 155ಕ್ಕೆ ಇಳಿಯುತ್ತದೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ಮಳೆ ಬೀಳುವ ಆಗುಂಬೆಯ ಆಸುಪಾಸಿನವರು ಎರಡು ವರ್ಷಕ್ಕೊಮ್ಮೆ ಅದನ್ನು ಬದಲಿಸಲೇಬೇಕು.

ಹೊಸ ಪ್ಯಾಡ್ ಕೂರಿಸಿದ ಮೇಲೆ ಬೈಕ್ ಹತ್ತುವ ಮೊದಲು ಲಿವರನ್ನು ನಾಲ್ಕಾರು ಸಲ ಒತ್ತಿ ಗಟ್ಟಿಯಾಗಿಸಿಕೊಳ್ಳಿ. ಹಿಂದೆ ತಳ್ಳಿದ ಪಿಸ್ಟನ್ ಮುಂದೆ ಬಂದಿರುವುದಿಲ್ಲ, ಮೊದಲ ಒತ್ತಿಗೆ ಲಿವರ್ ಹ್ಯಾಂಡಲ್ಲಿಗೇ ಬಂದು ತಾಗುತ್ತದೆ. ಗ್ಯಾರೇಜಿನ ಬಾಗಿಲಲ್ಲೇ ಬಿದ್ದವರನ್ನು ಕಂಡಿದ್ದೇನೆ. ಆಮೇಲೆ ಖಾಲಿ ರಸ್ತೆಯಲ್ಲಿ ಐವತ್ತರ ವೇಗದಿಂದ ಇಪ್ಪತ್ತಕ್ಕೆ, ಪೂರ್ತಿ ನಿಲ್ಲಿಸದೆ, ನಡುನಡುವೆ ಆರಲು ಬಿಟ್ಟು ಹತ್ತು ಸಲ ಬ್ರೇಕ್ ಹಿಡಿಯಬೇಕು. ಇನ್ನೂರು ಕಿಲೋಮೀಟರ್ ಓಡುವವರೆಗೆ ಘಾಟಿಗೆ ಹೋಗದಿರುವುದು ಮೇಲು.

2022ರಲ್ಲಿ ದೇಶದ ರಸ್ತೆಗಳಲ್ಲಿ 1,68,491 ಜನ ಸತ್ತರು ಎಂದು ಕೇಂದ್ರ ಸಾರಿಗೆ ಸಚಿವಾಲಯದ ವರದಿ ಹೇಳುತ್ತದೆ. ಅದರಲ್ಲಿ ನೂರಕ್ಕೆ 44.5 ಮಂದಿ ದ್ವಿಚಕ್ರ ವಾಹನದವರು. ಹೆಲ್ಮೆಟ್ಟಿಗೆ 2021ರ ಜೂನ್ 1ರಿಂದ ಐಎಸ್‌ಐ ಮುದ್ರೆ ಕಡ್ಡಾಯವಾಯಿತು, ಈಗ ಹಳ್ಳಿಯವರೂ ಹೆಲ್ಮೆಟ್ ತಿರುವಿ ಆ ಮುದ್ರೆ ಹುಡುಕುತ್ತಾರೆ. ಪ್ಯಾಡಿನ ಡಬ್ಬಿಯ ಮೇಲೂ ಕೊಳ್ಳುವವನ ಕಣ್ಣಿಗೆ ಬೀಳುವಂತೆ ಮಾಲಿನ ಜಾತಿ, ಹಿಡಿತದ ಅಕ್ಷರ, ತಯಾರಾದ ತಿಂಗಳು ಅಚ್ಚಾಗಿರಲೇಬೇಕು. ನಮ್ಮ ಭಾಷೆಯಲ್ಲೂ ಇರಲಿ. ಗ್ಯಾರೇಜುಗಳು ಬಿಚ್ಚಿದ ಹಳೆಯ ಪ್ಯಾಡನ್ನೂ ಹೊಸದರ ಖಾಲಿ ಡಬ್ಬಿಯನ್ನೂ ಗಿರಾಕಿಯ ಕೈಗೆ ಕೊಡುವುದನ್ನು ರೂಢಿ ಮಾಡಿಕೊಳ್ಳಬೇಕು. ಇದಕ್ಕೆ ಕಾನೂನೂ ಬೇಕಿಲ್ಲ, ನಾವು ಕೇಳಿದರೆ ಸಾಕು. ಒಬ್ಬ ಕೇಳಿದರೆ ಕಿರಿಕಿರಿ ಅನ್ನಿಸೀತು. ಊರೇ ಕೇಳಿದರೆ ನಕಲಿ ಪ್ಯಾಡ್ ತರಿಸುವ ಅಂಗಡಿಯವನು ಯೋಚಿಸುತ್ತಾನೆ.

ಮೊನ್ನೆ ಭಾನುವಾರ ಪಕ್ಕದ ತೋಟದ ಮನೆಯ ಹುಡುಗ ಬಂದ. ಅಡಿಕೆಗೆ ಬೋರ್ಡೋ ದ್ರಾವಣ ಹೊಡೆಯುವ ಕೊನೆಗಾರರನ್ನು ದಿನಾ ಬೆಳಿಗ್ಗೆ ಕರೆತರುವವನು ಅವನೇ, ಒಂದೊಂದು ಸಲಕ್ಕೆ ಇಬ್ಬರನ್ನು ಹಿಂದೆ ಕೂರಿಸಿಕೊಂಡು. ಕೈಯಲ್ಲಿ ಹಳೆಯ ಪ್ಯಾಡ್ ಜೋಡಿ. "ಡಾಕ್ಟ್ರೇ, ಇದರ ಹಲ್ಲು ನೋಡಿ" ಎಂದ. ಜಗಲಿಯ ದೀಪದ ಕೆಳಗೆ ಇಟ್ಟು ನೋಡಿದೆವು. ಒಂದರಲ್ಲಿ ಗೆರೆ ಇನ್ನೂ ಆಳವಾಗಿತ್ತು, ಇನ್ನೊಂದು ತಗಡಿನವರೆಗೆ ಹೋಗಿತ್ತು. ಪಿನ್ ಬಿಡಿಸಲು ಒಂದು ಗಂಟೆ ಬೇಕಾಯಿತು, ಡೀಸೆಲ್ಲಿನಲ್ಲಿ ನೆನೆಹಾಕಿಟ್ಟಿದ್ದೇನೆ. ಹೊಸ ಪ್ಯಾಡ್ ಶಿವಮೊಗ್ಗದಿಂದ ನಾಳೆ ಬೆಳಗಿನ ಬಸ್ಸಿಗೆ ಬರಬೇಕು. ಅಲ್ಲಿಯವರೆಗೆ ಬೈಕ್ ನಮ್ಮ ಅಂಗಳದಲ್ಲೇ ಇರಲಿ, ಕೊನೆಗಾರರನ್ನು ಜೀಪಿನಲ್ಲಿ ಕರೆದುಕೊಂಡು ಬಾ ಎಂದು ಹೇಳಿ ಕಳಿಸಿದ್ದೇನೆ.